ಗೀಜಗ ಹಾಕಿದ ಸಿಡಿಲಿನ ದಾರಿ

ಟಿವಿ ಪ್ಲಗ್ ಕಿತ್ತಿಟ್ಟೆ ಅಂತ ಮುಖ ಊದಿಸಿಕೊಂಡು ಕೂತಿದ್ದೀಯಲ್ಲ ತುಂಗಾ, ಬಾ ಇಲ್ಲಿ. ಮೋಡ ಕಟ್ಟುತ್ತಿದೆ. ಅದು ಕರಗುವವರೆಗೆ ಅಜ್ಜಿ ಹೇಳುವುದನ್ನು ಕೇಳು.

ಭೂಮಿಗೆ ಇನ್ನೂ ಹೊಸ ಮಣ್ಣಿನ ವಾಸನೆ ಇದ್ದ ಕಾಲ ಅದು. ಮೋಡಕ್ಕೆ ಇಬ್ಬರು ಮಕ್ಕಳು. ದೊಡ್ಡವನು ಗುಡುಗಣ್ಣ, ಚಿಕ್ಕವಳು ಸಿಡಿಲು. ಸಿಡಿಲಿಗೆ ಭೂಮಿಯಜ್ಜಿ ಅಂದರೆ ಪ್ರಾಣ. ನೆನಪಾದರೆ ಸಾಕು, ಹಿಂದೆಮುಂದೆ ನೋಡದೆ ಅಜ್ಜಿಯ ಮಡಿಲಿಗೆ ಓಡುವಳು. ನಿಲ್ಲೇ ನಿಲ್ಲೇ ಅಂತ ಗುಡುಗಣ್ಣ ಕೂಗುತ್ತಾ ಹಿಂದೆ ಬರುವನು. ಅವನು ಯಾವತ್ತೂ ತಡವೇ. ಅಷ್ಟರಲ್ಲಿ ಅವಳು ತುಳಿದ ಮರ ಕರಕಲಾಗಿರುತ್ತಿತ್ತು.

ಹೊಲದ ಬದುವಿನ ಮೇಲೆ ಒಂದು ಎತ್ತರದ ಈಚಲು ಮರ. ಅದರ ಗರಿಯ ತುದಿಗೆ ಗೀಜಗ ಹಕ್ಕಿ ಗೂಡು ನೇಯ್ದಿದ್ದ. ಒಳಗೆ ಮೂರು ಮೊಟ್ಟೆ. ಮೋಡ ಕಪ್ಪಾದಾಗಲೆಲ್ಲ ಅವನ ಎದೆ ಡವಡವ. ಪಾಪ, ಮೊಟ್ಟೆ ಎತ್ತಿಕೊಂಡು ಎಲ್ಲಿಗೆ ಹೋಗುತ್ತಾನೆ? ಕೊನೆಗೆ ಧೈರ್ಯ ಮಾಡಿ ಸಿಡಿಲನ್ನೇ ಬೇಡಿಕೊಂಡ.

"ಸುಡಬೇಕು ಅಂತ ಸುಡಲ್ಲ ಗೀಜಗಣ್ಣ," ಅಂದಳು ಸಿಡಿಲು. "ನನಗೆ ದಾರಿಯೇ ಇಲ್ಲ. ಒಂದು ದಾರಿ ಮಾಡಿಕೊಡು, ಅದರಲ್ಲೇ ಹೋಗುತ್ತೇನೆ."

ಭೂಮಿಯಜ್ಜಿ ತನ್ನ ಒಡಲಿನಿಂದ ತಾಮ್ರದ ಎಳೆ ತೆಗೆದುಕೊಟ್ಟಳು. ಗೀಜಗ ಅದನ್ನು ಮರದ ನೆತ್ತಿಗಿಂತ ಒಂದು ಗೇಣು ಮೇಲಕ್ಕೆ ಏರಿಸಿ, ಕಾಂಡದ ಗುಂಟ ಇಳಿಸಿದ. ಹಾಳು ಅಭ್ಯಾಸ ನೋಡು, ಗೂಡನ್ನು ತೂಗಬಿಡುವ ಹಾಗೆ ಎಳೆಯ ತುದಿಯನ್ನೂ ಗಾಳಿಯಲ್ಲಿ ಜೋತಾಡಲು ಬಿಟ್ಟ. ಸಿಡಿಲು ಸರ್ರನೆ ಇಳಿದಳು. ನಡುವೆಯೇ ದಾರಿ ಮುಗಿದುಹೋಗಿ ಪಕ್ಕಕ್ಕೆ ಹಾರಿದಳು. ಮರದ ಒಂದು ಮಗ್ಗುಲು ಸುಟ್ಟಿತು, ಗೂಡಿಗೆ ಹೊಗೆ ತುಂಬಿತು. ಮೊಟ್ಟೆ ಉಳಿದದ್ದೇ ಹೆಚ್ಚು.

ಗೀಜಗ ಅತ್ತುಬಿಟ್ಟ. ಭೂಮಿಯಜ್ಜಿ ಬೈಯಲಿಲ್ಲ.

"ಅರ್ಧ ದಾರಿಗೆ ಬಿಟ್ಟರೆ ಮಗು ಎಲ್ಲಿಗೆ ಹೋಗಬೇಕಪ್ಪಾ? ನನ್ನ ಮಡಿಲಿನವರೆಗೂ ತಾ. ಮಡಿಲು ಒಣಗದ ಹಾಗೆ ನೋಡಿಕೋ."

ಗೀಜಗ ಎಳೆಯನ್ನು ಆಳಕ್ಕೆ ಹೂತ. ಕೆರೆಯಿಂದ ಕೊಕ್ಕಿನಲ್ಲಿ ಹಸಿಮಣ್ಣು ತಂದು ತಂದು ಮೆತ್ತಿದ. ಮತ್ತೆ ಮೋಡ ಕಟ್ಟಿತು. ಸಿಡಿಲು ಬಂದಳು, ಎಳೆ ಹಿಡಿದು ನೆಟ್ಟಗೆ ಅಜ್ಜಿಯ ಮಡಿಲು ಸೇರಿದಳು. ಒಂದು ಗರಿಯೂ ಕಂದಲಿಲ್ಲ. ಅದೇ ಸಂಜೆ ಗೂಡಿನಲ್ಲಿ ಮೂರು ಮರಿಗಳು ಚಿಂವ್ ಅಂದವು.

ಅದಕ್ಕೇ ಗೀಜಗ ಇವತ್ತಿಗೂ ಗೂಡಿನೊಳಗೆ ಒಂದಿಷ್ಟು ಹಸಿಮಣ್ಣು ಮೆತ್ತುತ್ತಾನೆ. ನಮ್ಮ ಮನೆಯ ಗೋಡೆಗುಂಟವೂ ತಾಮ್ರದ ತಂತಿ ಇಳಿದು ಅರ್ಥಿಂಗ್ ಗುಂಡಿ ಸೇರಿದೆ. ಆದರೂ ಓಡಿಬರುವ ಮಗು ಕರೆಂಟಿನ ತಂತಿಯನ್ನೇ ದಾರಿ ಅಂದುಕೊಂಡು ಟಿವಿಯೊಳಗೆ ನುಗ್ಗಿದರೆ? ಮೋಡ ಕಟ್ಟುವ ಮೊದಲೇ ಪ್ಲಗ್ ಕಿತ್ತದ್ದು ಅದಕ್ಕೆ.

ಬೇಸಿಗೆಯಲ್ಲಿ ಆ ಗುಂಡಿಗೆ ದಿನಾ ಒಂದು ಕೊಡ ನೀರು ಯಾಕೆ ಸುರಿಯುತ್ತೀಯ ಅಂತ ಕೇಳುತ್ತಿದ್ದೆಯಲ್ಲ, ಮೊಮ್ಮಗಳು ಓಡಿ ಬರುತ್ತಾಳೆ ಅಂತ ಆ ಅಜ್ಜಿಯ ಮಡಿಲು ತಂಪಾಗಿಡುತ್ತಿದ್ದೇನೆ ಕಣೇ.