ಅಳಿಲಿನ ಬಾಗಿಲು

ಮರ ಕೊರೆಯುವುದರಲ್ಲಿ ಎತ್ತಿದ ಕೈಯೆನಿಸಿದ್ದ ಮರಕುಟಿಗ ಮೊನ್ನೆಯಷ್ಟೇ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿತಿತ್ತು. ಮೊದಲ ಕೆಲಸ ಅಳಿಲಿನದು. ಬೆಕ್ಕೊಂದು ದಿನಾ ಮರದಡಿ ಹೊಂಚು ಹಾಕುತ್ತಿದ್ದುದರಿಂದ ಅಳಿಲಿನ ಪೊಟರೆಗೊಂದು ಬಾಗಿಲು ಬೇಕಿತ್ತು.

ಮರಕುಟಿಗ ಪೊಟರೆಯ ಬಾಯಿ ಅಳೆಯಿತು. ಸರಿಯಾಗಿ ಅರವತ್ತು ಮಿಲಿಮೀಟರ್. ಬಾಗಿಲಿಗೂ ಅರವತ್ತೇ ಹಾಕಿತು. ಪರದೆಯ ಮೇಲೆ ಬಾಗಿಲು ನುಣ್ಣಗೆ ಜಾರಿ ಕೂತಿತು. ಸುತ್ತ ಒಂದು ಗೆರೆಯಷ್ಟೂ ಸಂದಿಯಿಲ್ಲ. ಮರಕುಟಿಗ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಿತು.

ಹಲಗೆಯಲ್ಲಿ ಕೆತ್ತಿ ತಂದ ಬಾಗಿಲು ಮಾತ್ರ ಪೊಟರೆಯೊಳಗೆ ಹೋಗಲೊಲ್ಲದು. ಒಳಗಿನಿಂದ ಅಳಿಲು ಎಳೆಯಿತು, ಹೊರಗಿನಿಂದ ಮರಕುಟಿಗ ದೂಡಿತು. ಅಷ್ಟರಲ್ಲಿ ಬೆಕ್ಕು ಮರ ಹತ್ತತೊಡಗಿತು.

“ಕಂಪ್ಯೂಟರಿನಲ್ಲಿ ಸಲೀಸಾಗಿ ಹೋಗಿತ್ತಲ್ಲಮ್ಮ,” ಎಂದಿತು ಮರಕುಟಿಗ, ಏದುಸಿರು ಬಿಡುತ್ತ.

“ಅಲ್ಲಿ ಮರಕ್ಕೆ ಮರ ಉಜ್ಜುವುದಿಲ್ಲ, ಮಾವ. ನೀವು ಬಾಗಿಲನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತಿರಿ,” ಎಂದ ಅಳಿಲು ಕತ್ತು ಹೊರಗೆ ಹಾಕಿ ಬಾಗಿಲಿನ ಅಂಚನ್ನು ಸುತ್ತಲೂ ಕರಕರನೆ ಕಡಿಯಿತು. ಮರುಕ್ಷಣ ಬಾಗಿಲು ಟಪ್ಪೆಂದು ಕೂತಿತು. ಮರಕುಟಿಗ ಮೇಲಿನ ಕೊಂಬೆಗೆ ಹಾರಿತು. ಬೆಕ್ಕು ಬಾಗಿಲನ್ನು ಎರಡು ಸಲ ಪರಚಿ, ತಾನು ಸುಮ್ಮನೆ ಗಾಳಿ ಸೇವನೆಗೆ ಬಂದಿದ್ದೆ ಎಂಬಂತೆ ಇಳಿದು ಹೋಯಿತು.

ಮನೆಗೆ ಬಂದ ಮರಕುಟಿಗ ನಕ್ಷೆ ತೆರೆದು, ಬಾಗಿಲಿನ ಅರವತ್ತನ್ನು ಅಳಿಸಿ ಐವತ್ತೊಂಬತ್ತು ಹಾಕಿತು. ಪರದೆಯ ಮೇಲೆ ಬಾಗಿಲಿನ ಸುತ್ತ ಸಣ್ಣ ಸಂದಿಯೊಂದು ಕಾಣಿಸಿತು. ನಿನ್ನೆಯಾಗಿದ್ದರೆ ಅದನ್ನು ನೋಡಿ ನಾಚಿಕೊಳ್ಳುತ್ತಿತ್ತು. ಇಂದು ನಕ್ಷೆಯ ಮೂಲೆಯಲ್ಲಿ ‘ರಚಿಸಿದವರು: ಮರಕುಟಿಗ’ ಎಂದಿದ್ದುದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ‘ಪರಿಶೀಲಿಸಿದವರು: ಅಳಿಲಮ್ಮ’ ಎಂದು ಬರೆಯಿತು.