ಹುರುಳಿ ಬಿತ್ತಿದ ಕುಳಿ

"ಗುರುಗಳೇ, ಇಷ್ಟು ವರ್ಷ ಸಾಧನೆ ಮಾಡಿದೆ. ನನಗೇನೂ ಸಿಗಲಿಲ್ಲ. ನಾಳೆ ಊರಿಗೆ ಹೊರಟಿದ್ದೇನೆ. ಜನ ಕೇಳಿದರೆ ಬರಿಗೈಯವನು ಏನು ಹೇಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ನೆಲ ಅಗೆದರೆ ಕೆಲವೆಡೆ ಕಲ್ಲೆಣ್ಣೆ ಬರುತ್ತಿತ್ತು. ಎಣ್ಣೆ ಕಂಡವನು ಊರಿಗೆಲ್ಲ ಬೆಲ್ಲ ಹಂಚುತ್ತಿದ್ದ. ಕಾಣದವನು ಕುಳಿ ಮುಚ್ಚಿ, ಮೇಲೆ ಹುರುಳಿ ಬಿತ್ತಿ, ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಏನೂ ಸಿಗದ ಕುಳಿಯ ಸುದ್ದಿ ಎತ್ತಿದರೆ ಮನೆತನಕ್ಕೆ ಅವಮಾನವೆಂದು ಅಲ್ಲಿಯವರ ನಂಬಿಕೆ.

ಅಲ್ಲೊಬ್ಬ ವ್ಯಾಪಾರಿ ಗಾಣ ನಡೆಸಿ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ. ಅವನಿಗೂ ಕಲ್ಲೆಣ್ಣೆಯ ಆಸೆ ಹುಟ್ಟಿತು. ಎತ್ತಿನ ಕಣ್ಣಿಗೆ ಕಟ್ಟುವ ಪಟ್ಟಿ ಈ ಸಲ ಒಡೆಯನ ಕಣ್ಣಿಗೇ ಬಿತ್ತು. ನೆಲದಡಿ ಇನ್ನೆಲ್ಲಿ ಎಣ್ಣೆ ಉಳಿದಿದೆಯೆಂದು ಅವನು ಒಬ್ಬ ಲೆಕ್ಕಿಗನನ್ನು ಕೇಳಿದ.

ಲೆಕ್ಕಿಗ ನೆಲದೊಳಗೆ ಇಣುಕುವವನಲ್ಲ. ಎಲ್ಲಿ ಅಗೆದರು, ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂದು ವಿಚಾರಿಸಿ, ಕಂಡದ್ದರಿಂದ ಕಾಣದ್ದನ್ನು ಅಂದಾಜು ಮಾಡುವವನು. ಊರವರು ಎಣ್ಣೆಯ ಕುಳಿಗಳನ್ನು ಸಂಭ್ರಮದಿಂದ ತೋರಿಸಿದರು. ಸಿಗದ ಕಡೆ ಯಾವುದೆಂದರೆ, ಅಂಥದ್ದು ಇಲ್ಲವೇ ಇಲ್ಲ ಎಂದರು. ಹಾಗಾದರೆ ಯಾರೂ ಅಗೆದ ಸುದ್ದಿಯಿಲ್ಲದ ಹಳ್ಳದಾಚೆಯ ಬಯಲಲ್ಲೂ ಎಣ್ಣೆ ಇರಲೇಬೇಕು ಎಂದು ಲೆಕ್ಕಿಗ ಹೇಳಿದ. ಅವನ ಲೆಕ್ಕ ಸರಿಯಾಗಿತ್ತು. ಅವನಿಗೆ ಸಿಕ್ಕ ಮಾಹಿತಿ ಮಾತ್ರ ಅರ್ಧ. ಆ ಬಯಲು ಕೊಳ್ಳಲು ವ್ಯಾಪಾರಿ ಗಾಣ, ಎತ್ತು, ಇರುವ ಮನೆ ಎಲ್ಲವನ್ನೂ ಮಾರಲು ನಿಶ್ಚಯಿಸಿದ.

ಎತ್ತುಗಳನ್ನು ಸಂತೆಗೆ ಒಯ್ಯಲು ಬಿಚ್ಚುತ್ತಿದ್ದಾಗ ಒಬ್ಬ ರೈತ ಬಂದು ಬಾಗಿಲಲ್ಲಿ ನಿಂತ.

"ಶೆಟ್ಟರೇ, ಆ ಬಯಲಲ್ಲಿ ನಮ್ಮಪ್ಪ ಅಗೆದಿದ್ದ. ನಾನೂ ಅಗೆದೆ. ಕಲ್ಲು ಬಿಟ್ಟು ಏನೂ ಸಿಗಲಿಲ್ಲ. ಹೇಳಿದರೆ ನಗ್ತೀರಿ ಅಂತ ಸುಮ್ಮನಿದ್ದೆ."

"ಮತ್ತೆ ಈಗ ಯಾಕೆ ಹೇಳಿದಿರಿ, ಗೌಡರೇ?"

"ನಿಮ್ಮ ಮಕ್ಕಳು ಬೀದಿಗೆ ಬೀಳೋದಕ್ಕಿಂತ ನೀವು ನಗೋದೇ ವಾಸಿ ಅನ್ನಿಸಿತು."

ವ್ಯಾಪಾರಿ ನಗಲಿಲ್ಲ. ಎತ್ತುಗಳನ್ನು ತಿರುಗಿ ಕೊಟ್ಟಿಗೆಯಲ್ಲಿ ಕಟ್ಟಿದ. ರೈತನ ಎರಡೂ ಕೈ ಹಿಡಿದುಕೊಂಡಾಗ ವ್ಯಾಪಾರಿಯ ಕಣ್ಣು ತುಂಬಿತು. ಎಣ್ಣೆ ಕಂಡವರೆಲ್ಲ ಅವನ ಬಾಯಿ ಸಿಹಿ ಮಾಡಿದ್ದರು. ಮನೆ ಉಳಿಸಿದವನು ಇವನೊಬ್ಬನೇ. ಆ ದಿನ ರೈತನನ್ನು ಊಟಕ್ಕೆ ಕೂರಿಸಿ ತನ್ನ ಕೈಯಾರೆ ತುಪ್ಪ ಬಡಿಸಿದ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಆ ರೈತ ಕೊಟ್ಟದ್ದು ಬರಿಯ ಕುಳಿಯನ್ನಲ್ಲವೇ?"

ಗುರುಗಳು ಹೇಳಿದರು: "ಇಷ್ಟು ವರ್ಷ ನಾನು ನಿನಗೆ ತೋರಿಸಿಕೊಟ್ಟದ್ದೂ, ಮಗು, ನಾನು ಅಗೆದು ಏನೂ ಕಾಣದ ಕುಳಿಗಳನ್ನೇ."