ಹಳೇ ಕಾರ್ಡು ಹೇಳಿದ ಹೆಸರು

ಶಿಷ್ಯೆ ಕೇಳಿದಳು: "ಅಮ್ಮ, ಒಬ್ಬರು ಕಲಿತದ್ದನ್ನು ಮರೆಸುವುದು ಹೇಗೆ?"

ಕೇಳಿದವಳು ಪುಟ್ಟಗೌರಿ. ಕೇಳಿಸಿಕೊಂಡವರು ಹೊನ್ನಾಜಮ್ಮ, ಊರ ಹೆಂಗಸರಿಗೆಲ್ಲ ಸೋಬಾನೆ ಪದ ಕಲಿಸಿದ ಗುರು. ಅವರಿಗೆ ವಯಸ್ಸಾದ ಮೇಲೆ ಹೊಸಬರನ್ನು ತಿದ್ದುವ ಕೆಲಸ ಪುಟ್ಟಗೌರಿಯ ಪಾಲಿಗೆ ಬಂದಿತ್ತು.

ಯಾರಿಗೆ ಏನು ಮರೆಸಬೇಕು ಎಂದು ಗುರು ವಿಚಾರಿಸಿದರು. ಪುಟ್ಟಗೌರಿ ಹೇಳಿಕೊಂಡಳು. ಮದುವೆಯಾಗಿ ಊರಿಗೆ ಬಂದ ಹೆಣ್ಣೊಂದು ಮೇಳಕ್ಕೆ ಸೇರಿದೆ. ಗಂಟಲು ಚೆನ್ನ. ಆದರೆ ಹಾಡುವುದು ತನ್ನ ಸೀಮೆಯ ಧಾಟಿ. ಆ ಕಡೆಯವಳು ಅಂತಲೇ ಎಲ್ಲರೂ ಅವಳನ್ನು ಕರೆಯುವುದು. ನಾವು ಎಳೆಯುವ ಕಡೆ ಅವಳು ಮುರಿಯುತ್ತಾಳೆ, ನಾವು ನಿಲ್ಲಿಸಿದ ಕಡೆ ಎಳೆಯುತ್ತಾಳೆ. ಹಳೆಯದು ಪೂರ್ತಿ ಅಳಿಸಿಹೋದರೆ ಮಾತ್ರ ನಮ್ಮದು ಕೂತೀತು. ಗದರಿಸಿದ್ದೂ ಆಯಿತು. ಈಗ ಅವಳು ಬಾಯಿಯೇ ಬಿಡುವುದಿಲ್ಲ. ಮುಂದಿನ ಮದುವೆಗೆ ಅವಳನ್ನು ಬಿಟ್ಟೇ ಹೋಗೋಣ ಅನ್ನುತ್ತಿದ್ದಾರೆ ಉಳಿದವರು.

ಹೊನ್ನಾಜಮ್ಮ ಪಕ್ಕದ ಚಾಪೆ ತಟ್ಟಿದರು. "ಕೂತ್ಕೋ. ಕಂಪ್ಯೂಟರಿನ ಕತೆ ಹೇಳ್ತೀನಿ. ನಗಬೇಡ ಮತ್ತೆ."

ಪುಟ್ಟಗೌರಿ ನಗುತ್ತಲೇ ಕೂತಳು. ಗುರು ಕತೆ ಹೇಳಿದರು.

ಒಂದು ಊರಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಿತ್ತು. ಅಲ್ಲಿ ಒಬ್ಬ ಮೇಷ್ಟ್ರಿದ್ದರು. ಪಾಠವೂ ಕೈಸನ್ನೆಯಲ್ಲೇ, ಕತೆಯೂ ಕೈಸನ್ನೆಯಲ್ಲೇ, ಬೈಗುಳವೂ ಕೈಸನ್ನೆಯಲ್ಲೇ. ಅವರ ಬೆರಳು ಆಡತೊಡಗಿದರೆ ಮಕ್ಕಳು ರೆಪ್ಪೆ ಬಡಿಯುತ್ತಿರಲಿಲ್ಲ. ಮೇಷ್ಟ್ರಿಗೂ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು, ಮಾತು ಮಾತ್ರ ಉಳಿದಿತ್ತು. ಎದುರಿಗಿದ್ದವರ ತುಟಿ ನೋಡಿ ಉತ್ತರ ಕೊಡುತ್ತಿದ್ದರು. ಮಕ್ಕಳನ್ನು ಬಿಟ್ಟರೆ ಮನಸ್ಸು ಬಿಚ್ಚಿ ಹರಟಲು ಅವರಿಗೆ ಬೇರೆ ಜನವಿರಲಿಲ್ಲ.

ಬರಬರುತ್ತಾ ಮೇಷ್ಟ್ರ ಮಂಡಿ ಸೋತಿತು. ತರಗತಿಯಿದ್ದದ್ದು ಮಾಳಿಗೆಯ ಮೇಲೆ. ಮಕ್ಕಳನ್ನೇ ಕೆಳಗೆ ಕರೆಯಬಹುದಿತ್ತಲ್ಲ ಅನ್ನಬೇಡ. ಕೆಳಗಿದ್ದದ್ದು ಅಡುಗೆಮನೆ, ಮತ್ತೆ ಒಬ್ಬರು ಕಾಲು ಚಾಚುವಷ್ಟು ಕೋಣೆ. ಅದಕ್ಕೇ ಶಾಲೆಯವರು ಎರಡು ಹೊಸ ಕಂಪ್ಯೂಟರ್ ತರಿಸಿ ಕೆಳಗೊಂದು, ಮೇಲೊಂದು ಇಟ್ಟು ನಡುವೆ ತಂತಿ ಎಳೆಸಿದರು. ಕೆಳಗೆ ಮೇಷ್ಟ್ರು ಕ್ಯಾಮೆರಾಗಳ ಮುಂದೆ ಕೈಯಾಡಿಸಿದರೆ ಮೇಲೆ ಮಕ್ಕಳಿಗೆ ಪರದೆಯಲ್ಲಿ ಕಾಣಬೇಕು.

ಕಂಡಿತು. ಆದರೆ ಹೇಗೆ? ಬೆರಳ ತುದಿಯೂ ತೋರುವಂಥ ದಪ್ಪ ಚಿತ್ರ ಅದು, ಕಂಪ್ಯೂಟರಿನ ಜೊತೆ ಬಂದ, ತಂತಿ ಸಿಕ್ಕಿಸುವ ಕಿಂಡಿ ಅದನ್ನು ಹೊರಲಾರದು. ಮೇಷ್ಟ್ರು ಎತ್ತಿದ ಕೈ ಪರದೆಯಲ್ಲಿ ಎತ್ತಿದ ಹಾಗೇ ನಿಂತುಬಿಡುತ್ತಿತ್ತು. ಅದು ಇಳಿಯುವಷ್ಟರಲ್ಲಿ ನಡುವಿನ ಮಾತೆಲ್ಲ ಮಾಯ. ಕತೆಯ ಕಳ್ಳ ಗೋಡೆ ಹತ್ತಿದ್ದು ಮಕ್ಕಳಿಗೆ ಕಾಣುತ್ತಿತ್ತು, ಸಿಕ್ಕಿಬಿದ್ದನೋ ತಪ್ಪಿಸಿಕೊಂಡನೋ ಕಾಣುತ್ತಿರಲಿಲ್ಲ. ಮಕ್ಕಳು ಪರದೆ ಬಿಟ್ಟು ಕಿಟಕಿ ನೋಡತೊಡಗಿದರು.

ಶಾಲೆಯವರು ನೋಡುವಷ್ಟು ನೋಡಿದರು. ಬರುವ ಸೋಮವಾರವೂ ಹೀಗೇ ಆದರೆ ಮೇಷ್ಟ್ರು ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೇ ಮೇಷ್ಟ್ರಿಗೆ ಹೆಚ್ಚು ನಾಟಿತು.

ಅದೇ ಊರಿಗೆ ಒಬ್ಬ ವ್ಯಾಪಾರಿ ಬರುತ್ತಿದ್ದ. ದೊಡ್ಡ ದೊಡ್ಡ ಕಂಪನಿಯವರು ಬಿಚ್ಚಿ ಹಾಕಿದ ಯಂತ್ರಗಳ ಭಾಗ ಮಾರುವವನು. ಬಾಯಿ ಜೋರು, ಕೈ ಧಾರಾಳ. ವಿಷಯ ತಿಳಿದು ಅವನು ಮೂರು ನೆಟ್‌ವರ್ಕ್ ಕಾರ್ಡು ತಂದ. ಅಂಗೈ ಅಗಲದ ಹಲಗೆಗಳು. ಎರಡು ಸಾಕು, ಮೂರನೆಯದು ಇರಲಿ ಅಂದ. ಇದನ್ನು ಯಂತ್ರದ ಹೊಟ್ಟೆಗೆ ಸಿಕ್ಕಿಸಿ ತಂತಿ ಹಾಕಿದರೆ ಕೆರೆಯ ತೂಬು ಎತ್ತಿದ ಹಾಗೆ ಹರಿಯುತ್ತದೆ, ಮೇಷ್ಟ್ರ ಕೈ ಕೆಳಗೆ ಆಡುವ ಮೊದಲೇ ಮೇಲೆ ಕಾಣುತ್ತದೆ ನೋಡಿ ಅಂದ. ಅಷ್ಟು ಬೇಡ ಮಾರಾಯ, ಆಡಿದ ಮೇಲೆ ಕಂಡರೆ ಸಾಕು ಅಂದರು ಮೇಷ್ಟ್ರು.

ಸಿಕ್ಕಿಸಿದರು. ಕಾರ್ಡಿನ ದೀಪ ಹತ್ತಲಿಲ್ಲ. ತೆಗೆದು ಒರೆಸಿ ಹಾಕಿದರು. ಹತ್ತಲಿಲ್ಲ. ವ್ಯಾಪಾರಿಗೆ ಅವಮಾನವಾದ ಹಾಗಾಯಿತು. ತನ್ನ ಅಂಗಡಿಯ ಹಳೇ ಯಂತ್ರದಲ್ಲಿ ಇದೇ ಕಾರ್ಡು ಕುದುರೆಯ ಹಾಗೆ ಓಡಿತ್ತು. ಈ ಹೊಸ ಯಂತ್ರಕ್ಕೆ ಅದು ಇರುವುದೇ ಗೊತ್ತಾಗುತ್ತಿಲ್ಲ.

ಯಾಕೆ ಗೊತ್ತೇನು? ನನಗೆ ಆ ವ್ಯಾಪಾರಿಯೇ ಹೇಳಿದ್ದು, ತಿಳಿದಷ್ಟು ಹೇಳುತ್ತೇನೆ. ಪ್ರತಿ ಕಂಪ್ಯೂಟರಿನ ಒಳಗೆ ಬಾಗಿಲು ಕಾಯುವವನೊಬ್ಬ ಇರುತ್ತಾನಂತೆ. ಅವನನ್ನು ಡ್ರೈವರ್ ಅನ್ನುತ್ತಾರೆ. ಹೊರಗಿನಿಂದ ಯಾರು ಬಂದರೂ ನಿನ್ನ ಹೆಸರೇನು ಎಂದು ಅವನು ಕೇಳುತ್ತಾನೆ. ಈ ಕಾರ್ಡು ಹುಟ್ಟಿದ್ದು ಒಂದು ಮನೆಯಲ್ಲಿ. ಕೊಂಡುಕೊಂಡ ದೊಡ್ಡ ಕಂಪನಿಯವರು ತಮ್ಮ ಮನೆಯ ಹೆಸರನ್ನು ಅದರೊಳಗೆ ಬರೆಸಿದ್ದರು. ಹಳೇ ಕಾವಲಿನವನಿಗೆ ಆ ಹೆಸರಿನ ಪರಿಚಯವಿತ್ತು. ಹೊಸಬನಿಗೆ ಇಲ್ಲ. ಅವನಿಗೆ ಕಾರ್ಡನ್ನು ಓಡಿಸಲು ಬರುತ್ತದೆ, ಅದರ ಜಾತಿಯನ್ನೆಲ್ಲ ಬಲ್ಲ. ಈ ಹೆಸರು ಮಾತ್ರ ಕೇಳಿಲ್ಲ. ಕೇಳಿಲ್ಲವೆಂದು ಬಾಗಿಲು ತೆಗೆಯಲಿಲ್ಲ.

ವ್ಯಾಪಾರಿಗೆ ಒಂದು ಉಪಾಯ ಗೊತ್ತಿತ್ತು. ಕಾರ್ಡಿನೊಳಗಿನ ಹೆಸರನ್ನು ಅಳಿಸಿ, ಹೊಸ ಕಾವಲಿನವನಿಗೆ ಗೊತ್ತಿರುವ ಹೆಸರು ಬರೆಯುವುದು. ಸಂತೆಯಲ್ಲಿ ಎಲ್ಲರೂ ಹೀಗೇ ಮಾಡುವುದು ಅಂದ. ಒಂದು ಕಾರ್ಡು ಹಾಕಿ ಅಳಿಸಲು ಶುರು ಮಾಡಿದ. ಹಳೆಯದು ಅಳಿಸಿಹೋಯಿತು. ಹೊಸದು ಅರ್ಧ ಬರೆದಾಗಿತ್ತು. ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ನೋಡಿದರೆ ಆ ಕಾರ್ಡು ಹಳೆಯ ಹೆಸರನ್ನೂ ಹೇಳಲಿಲ್ಲ, ಹೊಸದನ್ನೂ ಹೇಳಲಿಲ್ಲ. ಅಂಗಡಿಯಿಂದ ತರಿಸಿದ ಹಳೇ ಯಂತ್ರಕ್ಕೆ ಹಾಕಿದರೂ ಇಲ್ಲ. ಸುಮ್ಮನೆ ಹಲಗೆ ಅದು, ಮಣೆಯ ಹಾಗೆ.

ಉಳಿದದ್ದು ಎರಡೇ. ಬೇಕಾದದ್ದೂ ಎರಡೇ. ನಾಳೆ ಬೆಳಗಾದರೆ ಸೋಮವಾರ. ಆದರೂ ವ್ಯಾಪಾರಿ ಛಲ ಬಿಡ. ಬ್ಯಾಟರಿ ಹೊತ್ತು ತರುತ್ತೇನೆ, ಈ ಸಲ ಕರೆಂಟು ಹೋದರೂ ಭಯವಿಲ್ಲ ಎಂದು ಎದ್ದ. ಮೇಷ್ಟ್ರು ಆ ಎರಡು ಕಾರ್ಡುಗಳ ಮೇಲೆ ಅಂಗೈ ಇಟ್ಟು ಕೇಳಿದರು:

"ಅದರ ಹೆಸರಿನಲ್ಲಿ ತಪ್ಪೇನಿದೆ?"

"ತಪ್ಪೇನಿಲ್ಲ ಮೇಷ್ಟ್ರೇ. ಒಳಗಿನವನಿಗೆ ಗೊತ್ತಿಲ್ಲ, ಅಷ್ಟೇ."

"ಗೊತ್ತಿಲ್ಲದವನಿಗೆ ತಾನೇ ಕಲಿಸಬೇಕಾದ್ದು? ಕೆಲಸ ಗೊತ್ತಿರುವುದರ ಹೆಸರನ್ನು ಯಾಕಪ್ಪ ಅಳಿಸುತ್ತೀಯ?"

ಮೇಷ್ಟ್ರಿಗೆ ಅದು ದೊಡ್ಡ ಮಾತಾಗಿರಲಿಲ್ಲ. ಶಾಲೆಗೆ ಬರುವ ಪ್ರತಿ ಮಗುವೂ ಮನೆಯಿಂದ ತನ್ನದೇ ಸನ್ನೆ ತರುತ್ತಿತ್ತು. ಒಂದು ಮಗು ನೀರಿಗೆ ಹಗ್ಗ ಸೇದಿ ತೋರಿಸಿದರೆ ಇನ್ನೊಂದು ನಲ್ಲಿ ತಿರುಗಿಸಿ ತೋರಿಸುತ್ತಿತ್ತು. ಮೇಷ್ಟ್ರು ಮೊದಲು ತಾವು ಹಗ್ಗ ಸೇದುತ್ತಿದ್ದರು, ತಾವು ನಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಶಾಲೆಯ ಸನ್ನೆ.

ವ್ಯಾಪಾರಿ ಮೊದಲು ನಕ್ಕ. ಅದು ಹೊಸ ವ್ಯವಸ್ಥೆ, ಎಲ್ಲೋ ಕೂತ ಬುದ್ಧಿವಂತರು ಬರೆದದ್ದು, ಅದಕ್ಕೆ ಪಾಠ ಹೇಳಲು ನಾನು ಯಾರು ಎಂದ. ನಗುತ್ತಾ ನಗುತ್ತಾ ನಿಂತ. ಕೀಲಿಮಣೆಯ ಮುಂದೆ ಹೋಗಿ ಕೂತ. ಅವನಿವನಿಗೆ ಫೋನು ಮಾಡಿದ. ಅದು ಆಗುತ್ತದೆ ಅನ್ನುವುದು ತಿಳಿಯಿತು. ಕಾವಲಿನವನಿಗೆ ಒಂದೇ ಒಂದು ಸಾಲು ಹೇಳಿದರೆ ಸಾಕು: ಈ ಹೆಸರು ಹೇಳಿಕೊಂಡು ಬಂದವನೂ ನಿನ್ನವನೇ. ಅದಕ್ಕೆ ಏನನ್ನೂ ಅಳಿಸಬೇಕಾಗಿಲ್ಲ. ಕರೆಂಟು ಹೋದರೂ ಏನೂ ಸಾಯುವುದಿಲ್ಲ. ಕಾರ್ಡನ್ನು ಮುಟ್ಟುವುದೇ ಬೇಡ.

ಬರೆದ. ದೀಪ ಹತ್ತಲಿಲ್ಲ. ಒಂದು ಅಕ್ಷರ ಹೆಚ್ಚಾಗಿತ್ತು, ತಿದ್ದಿದ. ಮತ್ತೆ ಬರೆದ.

ಹತ್ತಿತು ಪುಟ್ಟೀ, ದೀಪ ಹತ್ತಿತು. ವ್ಯಾಪಾರಿ ಕುರ್ಚಿ ಉರುಳಿಸಿಕೊಂಡು ಎದ್ದ. ಮೆಟ್ಟಿಲು ಹಾರಿ ಮೇಲೆ ಓಡಿದ, ಮೇಲಿನ ಯಂತ್ರಕ್ಕೂ ಅದೇ ಮಾತು ಹೇಳಿದ, ಅಲ್ಲೂ ಹತ್ತಿತು. ಒಂದು ತೊಡಕಿತ್ತು. ಯಂತ್ರವನ್ನು ಆರಿಸಿ ಹಚ್ಚಿದರೆ ಕಾವಲಿನವನು ಹೇಳಿದ್ದನ್ನು ಮರೆಯುತ್ತಿದ್ದ. ದಿನಾ ಬೆಳಿಗ್ಗೆ ಮತ್ತೆ ಹೇಳಬೇಕು. ನಮ್ಮತ್ತೆಗೂ ಹೀಗೇ ದಿನಾ ಹೇಳಬೇಕಿತ್ತು, ನಾನು ನಿಮ್ಮ ಸೊಸೆ ಅಂತ. ವ್ಯಾಪಾರಿ ಅದಕ್ಕೂ ದಾರಿ ಮಾಡಿದ, ಯಂತ್ರ ಎದ್ದ ಕೂಡಲೇ ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ಸೋಮವಾರ ಬಂತು. ಶಾಲೆಯವರು ಮೇಲೆ ಹೋಗಿ ಮಕ್ಕಳ ಹಿಂದೆ ನಿಂತರು. ಕೆಳಗೆ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ. ಮೇಲೆ ಏನಾಗುತ್ತಿದೆ ಎಂದು ಅವರಿಗೆ ಕಾಣುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಕೈ ಎತ್ತಿದರು. ಕಳ್ಳನ ಕತೆಯನ್ನೇ ಹಿಡಿದರು. ಕಳ್ಳ ಗೋಡೆ ಹತ್ತಿದ, ಒಳಗೆ ಧುಮುಕಿದ, ಹಿಟ್ಟಿನ ಮಡಕೆಗೆ ಬಿದ್ದ, ಬೆಳ್ಳಗಾಗಿ ಎದ್ದ, ಮನೆಯವರು ದೆವ್ವವೆಂದು ಓಡಿದರು, ಅವರನ್ನು ಕಂಡು ಕಳ್ಳನೂ ದೆವ್ವ ದೆವ್ವ ಎಂದು ಅವರ ಹಿಂದೆಯೇ ಓಡಿದ. ಕತೆ ಮುಗಿಯಿತು. ಮೇಷ್ಟ್ರು ಕೈ ಇಳಿಸಿ ಕೂತರು. ಏನೂ ಗೊತ್ತಾಗಲಿಲ್ಲ.

ಆಮೇಲೆ ಅವರ ತಲೆಯ ಮೇಲೆ ಒಂದಿಷ್ಟು ಧೂಳು ಬಿತ್ತು.

ಮತ್ತೆ ಬಿತ್ತು. ಗೋಡೆಗೆ ಕೈಯಿಟ್ಟರೆ ಗೋಡೆ ಅದುರುತ್ತಿತ್ತು. ಕಾಲಡಿಯ ನೆಲಕ್ಕೂ ಅದು ಇಳಿದು ಬಂತು. ಮೇಲೆ ಮಕ್ಕಳೆಲ್ಲ ನೆಲ ಕುಟ್ಟುತ್ತಿದ್ದರು, ಇನ್ನೊಂದು ಕತೆ, ಇನ್ನೊಂದು ಕತೆ ಎಂದು. ಕಿವಿ ಕೇಳದ ಮಕ್ಕಳು ಮೇಷ್ಟ್ರನ್ನು ಕೂಗುವುದು ಹಾಗೆ. ಅಡುಗೆಯವಳು ಮಾಳಿಗೆ ಬಿತ್ತೆಂದು ಸಾರಿನ ಪಾತ್ರೆ ಹಿಡಿದು ಬೀದಿಗೆ ಓಡಿದಳು. ಮೇಷ್ಟ್ರು ಮಾತ್ರ ಧೂಳನ್ನು ಕೊಡವಿಕೊಳ್ಳದೆ ಹಾಗೇ ಕೂತು, ಮತ್ತೆ ಕೈ ಎತ್ತಿದರು.

ಹೊನ್ನಾಜಮ್ಮ ಕತೆ ನಿಲ್ಲಿಸಿದರು.

ಪುಟ್ಟಗೌರಿಯ ಮುಖ ಕೆಂಪಗಾಗಿತ್ತು. ಅವಳು ಚಾಪೆಯಿಂದ ಎದ್ದೇಬಿಟ್ಟಿದ್ದಳು. ತಿಳಿಯಿತು ಅಮ್ಮ, ಎಲ್ಲ ತಿಳಿಯಿತು ಎಂದಳು. ಇನ್ನು ಆ ಕಡೆಯವಳನ್ನು ಗದರಿಸುವುದಿಲ್ಲ. ಅವಳ ಧಾಟಿಯಲ್ಲೇ ಮೊದಲು ಹಾಡಿಸುತ್ತೇನೆ, ನಾವೆಲ್ಲ ಅವಳ ಹಿಂದೆ ದನಿಗೂಡಿಸುತ್ತೇವೆ, ಮದುವೆಗೂ ಮುಂದೆ ನಿಲ್ಲಿಸಿಕೊಂಡೇ ಹೋಗುತ್ತೇವೆ. ಈಗಲೇ ಹೋಗಿ ಅವಳನ್ನು ಕರೆದು ಬರುತ್ತೇನೆ ಎಂದು ಹೊಸ್ತಿಲು ದಾಟಿದಳು.

"ಏನೆಂದು ಕೂಗಿ ಕರೆಯುತ್ತೀಯೇ, ಅವಳ ಹೆಸರೇನು?" ಎಂದರು ಗುರು.

ಪುಟ್ಟಗೌರಿ ಹೊಸ್ತಿಲ ಆಚೆ ಹಾಗೇ ನಿಂತಳು.